ಸಂದರ್ಶನದಲ್ಲಿ ತೂಗುವುದು ಬುದ್ಧಿಯನ್ನೋ, ಮನೆತನವನ್ನೋ?

ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ 1979–80ನೇ ಸಾಲಿನ ಪ್ರವೇಶಕ್ಕೆ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50 ಅಂಕ ಇದ್ದವು. ಒಳಗೆ ಹೋದ ಹುಡುಗ ಎರಡು–ಮೂರು ನಿಮಿಷದಲ್ಲಿ ಹೊರಗೆ ಬರುತ್ತಿದ್ದ. ಕೇಳಿದ್ದು ತಂದೆ ತಾಯಿ ಯಾರು, ಮನೆ ಎಲ್ಲಿ ಎಂಬಂಥ ಮಾತುಗಳನ್ನು. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದ ಹಲವರು ಸಂದರ್ಶನದ ಅಂಕ ಸೇರಿದ ಮೇಲೆ ಪಟ್ಟಿಯಿಂದಲೇ ಬಿದ್ದುಹೋದರು. ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅಜಯ್ ಹಾಸಿಯಾ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ತೀರ್ಪು ಹುಟ್ಟಿದ್ದು ಹೀಗೆ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಬರೆದ ಆ ತೀರ್ಪು, ಒಟ್ಟು ಅಂಕಗಳಲ್ಲಿ ಶೇ 15ಕ್ಕಿಂತ ಹೆಚ್ಚನ್ನು ಸಂದರ್ಶನಕ್ಕೆ ಇಡುವುದು ಮನಸೋಇಚ್ಛೆಯ ಕ್ರಮ ಎಂದಿತು. ಸಂದರ್ಶನವನ್ನು ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದು ಎಂದೂ ಹೇಳಿತು. ನಾಲ್ಕು ದಶಕ ದಾಟಿದ ಮೇಲೂ ನಮ್ಮ ವಿಶ್ವವಿದ್ಯಾಲಯಗಳು ಆ ಸಲಹೆಯನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಈ ಜಗಳ ಅದಕ್ಕೂ ಮೊದಲೇ ನಮ್ಮ ನಾಡಿನಿಂದ ದೆಹಲಿಗೆ ಹೋಗಿತ್ತು. ಅರವತ್ತರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟು ಅದಕ್ಕೆ ಮೀಸಲು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಚರ್ಚಾಸ್ಪರ್ಧೆ, ನಾಟಕ ಎಲ್ಲವನ್ನೂ ಅಲ್ಲಿ ಅಳೆಯಬೇಕು. ಹೈಕೋರ್ಟು, ಆಯ್ಕೆ ಸಮಿತಿ ನಿಯಮದಂತೆ ನಡೆದುಕೊಂಡಿಲ್ಲ ಎಂದು ಮತ್ತೆ ಸಂದರ್ಶನ ನಡೆಸಲು ಹೇಳಿತು. ಆದರೆ 1964ರ ಚಿತ್ರಲೇಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಂದರ್ಶನದ ಪದ್ಧತಿಯನ್ನೇ ತಪ್ಪೆನ್ನಲು ಒಪ್ಪಲಿಲ್ಲ. ಚರ್ಚಾಸ್ಪರ್ಧೆಯೂ ನಾಟಕವೂ ಇರುವ ಶಾಲೆ ಆಗ ಎಷ್ಟು ಹಳ್ಳಿಗಳಲ್ಲಿತ್ತು? ಇಂದು ಸಿಇಟಿ ಬರೆದು ಎಂಜಿನಿಯರಿಂಗ್ ಸೇರುವ ಹುಡುಗಿಯನ್ನು ಯಾರೂ ಎದುರಿಗೆ ಕೂರಿಸಿಕೊಂಡು ‘ನಿಮ್ಮಪ್ಪ ಏನು ಮಾಡ್ತಾರಮ್ಮ?’ ಎಂದು ಕೇಳುವುದಿಲ್ಲ. ಸಿಇಟಿಯ ದೋಷಗಳು ಹಲವು. ಆದರೆ ಅದು ಮಾಡಿದ ಈ ಉಪಕಾರ ಸಣ್ಣದಲ್ಲ.

ಹಾಗಾದರೆ ಸಂದರ್ಶನ ನಿಜಕ್ಕೂ ಏನನ್ನಾದರೂ ಕಂಡುಹಿಡಿಯುತ್ತದೆಯೇ? ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಇದಕ್ಕೆ ಅಚಾನಕ್ಕಾಗಿ ಉತ್ತರ ಸಿಕ್ಕಿತು. ಅಲ್ಲಿ ಸುಮಾರು 800 ಮಂದಿಯನ್ನು ಸಂದರ್ಶಿಸಿ, ಒಂದರಿಂದ 800ರವರೆಗೆ ಕ್ರಮವಾಗಿ ಪಟ್ಟಿ ಮಾಡಿದ್ದರು. ಮೊದಲ 350ರೊಳಗಿನವರಿಂದ 150 ಸೀಟು ತುಂಬಿತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳಿ ಎಂದಿತು. ಒಳ್ಳೆಯ ಕ್ರಮಾಂಕದವರು ಆಗಲೇ ಬೇರೆ ಕಾಲೇಜುಗಳಿಗೆ ಹೋಗಿಯಾಗಿತ್ತು. ಉಳಿದದ್ದು 700ರಿಂದ 800ರವರೆಗಿನವರು, ಎಂದರೆ ಸಂದರ್ಶಕರು ಬೇಡವೆಂದು ಬದಿಗಿಟ್ಟವರು. ಅವರನ್ನೇ ಸೇರಿಸಿಕೊಂಡರು. ಮುಂದೆ ಓದಿನಲ್ಲಾಗಲಿ, ಆಸ್ಪತ್ರೆಯ ತರಬೇತಿಯಲ್ಲಾಗಲಿ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟೊಂದು ಪ್ರಾಧ್ಯಾಪಕರು ಅಷ್ಟು ಹೊತ್ತು ಕೂತು ತೂಗಿದ್ದು ಏನನ್ನು ಎಂಬ ಪ್ರಶ್ನೆ ಅಂದಿನಿಂದ ಹಾಗೇ ಉಳಿದಿದೆ.

ಸಂದರ್ಶಕರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ತೊಂದರೆ ಇರುವುದು ಅವರ ಆತ್ಮವಿಶ್ವಾಸದಲ್ಲಿ. ‘ನೋಡಿದ ಕೂಡಲೇ ಗೊತ್ತಾಗುತ್ತೆ’ ಎಂಬ ಮಾತನ್ನು ಹಿರಿಯ ಮೇಷ್ಟ್ರುಗಳ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ಗೊತ್ತಾಗುವುದು ಏನು? ಹುಡುಗ ಕುರ್ಚಿಯಲ್ಲಿ ಕೂತ ರೀತಿ, ಇಂಗ್ಲಿಷಿನ ಉಚ್ಚಾರಣೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಅಭ್ಯಾಸ. ಹಿರಿಯರ ಎದುರು ತಲೆ ಎತ್ತದಿರುವುದೇ ಮರ್ಯಾದೆ ಎಂದು ಕಲಿತು ಬಂದ ಮಗುವಿನ ಮೌನ ಅಲ್ಲಿ ದಡ್ಡತನವಾಗಿ ಕಾಣುತ್ತದೆ. ಹನ್ನೆರಡನೇ ತರಗತಿಯವರೆಗೆ ಕನ್ನಡದಲ್ಲಿ ಯೋಚಿಸಿದವಳು ಉತ್ತರವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ.

ಸಂದರ್ಶನಕ್ಕೆ ಬೇರೊಂದು ರೂಪವೂ ಉಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ಸಂದರ್ಶನ ಒಂದು ಪುಟ್ಟ ಪಾಠದ ಹಾಗಿರುತ್ತದೆ. ಮುಂದೆ ಪಾಠ ಹೇಳಬೇಕಾದ ಅಧ್ಯಾಪಕರೇ, ವಿದ್ಯಾರ್ಥಿ ಹಿಂದೆಂದೂ ನೋಡಿರದ ಒಂದು ಲೆಕ್ಕವನ್ನೋ ಕವಿತೆಯನ್ನೋ ಮುಂದಿಡುತ್ತಾರೆ. ತಪ್ಪಿದಾಗ ಸುಳಿವು ಕೊಡುತ್ತಾರೆ. ಸುಳಿವು ಹಿಡಿದು ಹುಡುಗಿ ಮುಂದಿನ ಹೆಜ್ಜೆ ಹೇಗೆ ಇಡುತ್ತಾಳೆ ಎಂಬುದರ ಮೇಲೆ ಅವರ ಕಣ್ಣು. ಇದು ಲಿಖಿತ ಪರೀಕ್ಷೆಗೆ ಸಿಗದ ಗುಣವೇ. ಹಾಗಿದ್ದೂ ಅಲ್ಲಿನ ದುಬಾರಿ ಖಾಸಗಿ ಶಾಲೆಗಳು ಇದಕ್ಕೂ ಮಕ್ಕಳನ್ನು ತಯಾರು ಮಾಡುತ್ತವೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಾಗಿಲು ಸಾಕಷ್ಟು ತೆರೆದಿಲ್ಲ ಎಂಬ ದೂರು ಅಲ್ಲಿ ಇನ್ನೂ ನಿಂತಿಲ್ಲ. ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಎರಡು ದಶಕಗಳ ಹಿಂದೆ ಕಂಡುಕೊಂಡ ದಾರಿ. ಅಭ್ಯರ್ಥಿ ಒಂದಾದ ಮೇಲೊಂದು ಕೋಣೆಗೆ ಹೋಗುತ್ತಾನೆ. ಪ್ರತಿ ಕೋಣೆಯಲ್ಲೂ ಎಲ್ಲರಿಗೂ ಒಂದೇ ಸನ್ನಿವೇಶ, ಒಬ್ಬರೇ ಸಂದರ್ಶಕರು. ಅವರು ಯಾರೊಡನೆಯೂ ಚರ್ಚಿಸದೆ ಅಂಕ ಬರೆಯುತ್ತಾರೆ. ಒಬ್ಬರ ಪೂರ್ವಗ್ರಹ ಇಡೀ ಫಲಿತಾಂಶವನ್ನು ನುಂಗಲಾರದು.

ನಮ್ಮಲ್ಲಿ ಆಗಿರುವುದು ಇದಕ್ಕೆ ತದ್ವಿರುದ್ಧ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ತನ್ನದೇ ಪ್ರವೇಶದ ದಾಖಲೆಗಳನ್ನು ಪರಿಶೀಲಿಸಲು ಪ್ರೊ. ಅಬ್ದುಲ್ ನಫೇ ಸಮಿತಿಯನ್ನು ನೇಮಿಸಿತ್ತು. ಲಿಖಿತ ಮತ್ತು ಮೌಖಿಕ ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಸಮಿತಿ, ತಾರತಮ್ಯದ ಸುಳಿವು ಇದೆ ಎಂದು 2016ರಲ್ಲಿ ಹೇಳಿ, ಮೌಖಿಕದ 30 ಅಂಕವನ್ನು 15ಕ್ಕೆ ಇಳಿಸಲು ಶಿಫಾರಸು ಮಾಡಿತು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಂದ ನಿಯಮ, ಲಿಖಿತ ಪರೀಕ್ಷೆಯನ್ನು ಬರೀ ಅರ್ಹತೆಗೆ ಸೀಮಿತಗೊಳಿಸಿ, ಎಂ.ಫಿಲ್., ಪಿಎಚ್‌.ಡಿ. ಆಯ್ಕೆಯನ್ನು ಸಂದರ್ಶನದ ಕೈಗೆ ಕೊಟ್ಟಿತು. ಹೋರಾಟ ನಡೆಯಿತು, ನ್ಯಾಯಾಲಯದ ಮೆಟ್ಟಿಲೇರಿತು. 2018ರಲ್ಲಿ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಪಾಲು 70:30 ಆಯಿತು. ಇಂದಿಗೂ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದವರು ಪಿಎಚ್‌.ಡಿ.ಗೆ ಸೇರಬೇಕಾದರೆ ಸಂದರ್ಶನದ ಮೇಲೆಯೇ ಆಯ್ಕೆ ನಡೆಯಬಹುದು. ಅಷ್ಟು ಕಠಿಣ ಪರೀಕ್ಷೆ ಗೆದ್ದುಬಂದವರ ಭವಿಷ್ಯ ಕೆಲವು ನಿಮಿಷಗಳ ಮಾತಿಗೆ ಜೋತುಬೀಳುತ್ತದೆ.

ರಾಜ್ಯದ ವಿಶ್ವವಿದ್ಯಾಲಯಗಳಿಗೆ ನನ್ನ ಕೋರಿಕೆ ಇಷ್ಟೇ. ಪಿಎಚ್‌.ಡಿ. ಸಂದರ್ಶನಗಳನ್ನು ಧ್ವನಿಮುದ್ರಿಸಿ. ಎಲ್ಲರಿಗೂ ಒಂದೇ ಪ್ರಶ್ನೆಗಳಿರಲಿ. ಸಮಿತಿಯ ಸದಸ್ಯರು ಮಾತಾಡಿಕೊಳ್ಳುವ ಮೊದಲೇ ಬೇರೆ ಬೇರೆಯಾಗಿ ಅಂಕ ಬರೆದಿಡಲಿ. ಕನ್ನಡದಲ್ಲಿ ಉತ್ತರಿಸುತ್ತೇನೆ ಎನ್ನುವವರಿಗೆ ಕನ್ನಡದಲ್ಲೇ ಉತ್ತರಿಸಲು ಬಿಡಿ. ಇದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ, ಮುಂದಿನ ಪ್ರವೇಶದಿಂದಲೇ ಶುರುಮಾಡಬಹುದು.