ಸೇರಿನಲ್ಲಿ ಬಟ್ಟೆ ಅಳೆಯುವವರು

ಸಂಶೋಧಕರ ಯೋಗ್ಯತೆಯನ್ನು ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’ ನೋಡಿ ನಿರ್ಧರಿಸುವುದು ನಮ್ಮ ಉನ್ನತ ಶಿಕ್ಷಣಕ್ಕೆ ಅಂಟಿದ ಜಾಡ್ಯ. ಹಿಂದಿನ ಎರಡು ವರ್ಷ ಆ ಪತ್ರಿಕೆಯಲ್ಲಿ ಅಚ್ಚಾದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಲಾಗಿದೆ ಎಂಬ ಲೆಕ್ಕವಷ್ಟೇ ಅದು. ಒಂದು ಲೇಖನದ ತೂಕವನ್ನು ಅದು ಹೇಳಲಾರದು.

ಗಣಿತದ ಪ್ರಮೇಯ ಬಳಕೆಗೆ ಬರಲು ದಶಕಗಳೇ ಹಿಡಿಯಬಹುದು. ಕಂಪ್ಯೂಟರ್ ವಿಜ್ಞಾನದ ಎಷ್ಟೋ ಮಹತ್ವದ ಕೆಲಸ ಹೊರಬರುವುದು ಸಮ್ಮೇಳನಗಳಲ್ಲಿ. ಕಾನೂನಿನ ಸಂಶೋಧನೆ ಫಲಿಸುವುದು ತೀರ್ಪಿನಲ್ಲಿ, ಕಾಯ್ದೆಯ ತಿದ್ದುಪಡಿಯಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅದನ್ನು ಬಿಡಿಸಿ ನೋಡುವವರು ಸಾವಿರಾರು. ಅಡಿಟಿಪ್ಪಣಿಯಲ್ಲಿ ನೆನೆಯುವವರು ಎಷ್ಟು ಮಂದಿ? ಎರಡು ವರ್ಷದ ಲೆಕ್ಕಕ್ಕೆ ಇಪ್ಪತ್ತೈದು ವರ್ಷದ ದುಡಿಮೆ ಸಿಗುವುದಾದರೂ ಹೇಗೆ?

ವಿಜ್ಞಾನಿಗಳೇ 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯಲ್ಲಿ ಈ ಅಂಕಿಯಿಂದ ಸಂಶೋಧಕರನ್ನು ಅಳೆಯಬೇಡಿ ಎಂದರು.

ಅಳತೆ ಬಿಟ್ಟರೆ ಸೋಮಾರಿಗಳಿಗೆ ಹಬ್ಬ ಎನ್ನುವವರಿದ್ದಾರೆ. ಅಳತೆ ಇರಲಿ, ಆದರೆ ಭತ್ತಕ್ಕೆ ಸೇರು, ಬಟ್ಟೆಗೆ ಮೊಳ. ಆಯಾ ವಿಷಯ ಬಲ್ಲವರು ಕೂತು, ಓದಿ, ಬೆಲೆ ಕಟ್ಟಲಿ. ಓದುವ ಶ್ರಮ ತಪ್ಪಿಸಿಕೊಳ್ಳಲು ಹಿರಿಯರು ಅಂಕಿ ಹಿಡಿದು ಕೂತರೆ, ತಾಳೆಗರಿ ಬಿಡಿಸಿ ನೋಡುವ ಕಿರಿಯರು ಎಲ್ಲಿಂದ ಬಂದಾರು?