ಹನ್ನೆರಡು ತಿಂಗಳ ಲೆಕ್ಕಕ್ಕೆ ಸಿಗದ ದ್ರಾಕ್ಷಿ

ಬಿ.ಕಾಂ. ಮುಗಿಸಿ ಮುಂಬಯಿಗೆ ಬಂದ ಮೇಲೆ ನನ್ನ ಆಯುಸ್ಸಿನ ಬಹುಪಾಲು ಸಾಲದ ಅರ್ಜಿ ನೋಡುವುದರಲ್ಲೇ ಕಳೆದಿದೆ. ಬ್ಯಾಂಕಿನವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಸರಕು ಎಷ್ಟು ದಿನದಲ್ಲಿ ದುಡ್ಡಾಗುತ್ತದೆ? ಗೋಡೌನಿನಲ್ಲಿ ವರ್ಷ ದಾಟಿದ ಸ್ಟಾಕ್ ಕಂಡರೆ ನಾವು ಹುಬ್ಬು ಗಂಟಿಕ್ಕುತ್ತೇವೆ. ಈ ಅಳತೆ ಎಲ್ಲ ಕಡೆ ನಡೆಯುವುದಿಲ್ಲ ಅನ್ನುವುದಕ್ಕೆ ದಕ್ಷಿಣ ಇಟಲಿಯ ಮಾಸ್ತ್ರೊಬೆರಾರ್ಡಿನೊ ಎಂಬ ವೈನ್ ತಯಾರಕ ಮನೆತನವೇ ಸಾಕ್ಷಿ.

ನೇಪಲ್ಸ್‌ನಿಂದ ಒಳನಾಡಿಗೆ ಹೋದರೆ ಸಿಗುವ ಅಟ್ರಿಪಾಲ್ಡಾ ಇವರ ಊರು. ಅಲ್ಲಿನ ಬೆಟ್ಟಗಳ ಕಪ್ಪು ದ್ರಾಕ್ಷಿಯ ಹೆಸರು ಅಲ್ಯಾನಿಕೊ. ಬಲು ನಿಧಾನದ ತಳಿ. ಕೊಯ್ಲು ಅಕ್ಟೋಬರ್ ಕೊನೆಗೆ, ಕೆಲವೊಮ್ಮೆ ನವೆಂಬರಿಗೆ. ಹೊಸ ವೈನ್ ಬರೀ ಹುಳಿ, ಒಗರು. ಆದರೆ ಅದನ್ನು ದಶಕಗಟ್ಟಲೆ ಕಾಪಾಡುವುದೂ ಅದೇ ಹುಳಿ, ಅದೇ ಒಗರು! ಅದನ್ನು 'ತೌರಾಸಿ' ಎಂದು ಮಾರಬೇಕಾದರೆ ಕಾನೂನಿನ ಪ್ರಕಾರ ಕನಿಷ್ಠ 3 ವರ್ಷ ಮಾಗಿಸಬೇಕು, ಅದರಲ್ಲಿ 1 ವರ್ಷ ಮರದ ಪೀಪಾಯಿಯಲ್ಲಿ. 'ರಿಸರ್ವಾ' ಆದರೆ 4 ವರ್ಷ.

ಬೇರು ತಿನ್ನುವ ಫಿಲಾಕ್ಸೆರಾ ಕೀಟ, ಆಮೇಲೆ ಎರಡನೇ ಮಹಾಯುದ್ಧ, ಎರಡೂ ಸೇರಿ ಅಲ್ಲಿನ ತೋಟಗಳನ್ನು ಹಾಳುಗೆಡವಿದವು. ಮತ್ತೆ ನೆಡುವಾಗ ತ್ರೆಬ್ಬಿಯಾನೊ, ಸ್ಯಾಂಜೊವೇಸೆಯಂಥ ಹೊರಗಿನ ತಳಿಗಳತ್ತ ಬಹಳ ಜನ ವಾಲಿದರು. ಆಂಟೋನಿಯೊ ಮಾಸ್ತ್ರೊಬೆರಾರ್ಡಿನೊ (1928-2014) ಮಾತ್ರ ಅಲ್ಯಾನಿಕೊ ಬಿಡಲಿಲ್ಲ. ಫಿಯಾನೊ, ಗ್ರೆಕೊ ಎಂಬ ನಾಡ ಬಿಳಿ ತಳಿಗಳನ್ನೂ ಉಳಿಸಿಕೊಂಡರು. ಅವರ 1968ರ ತೌರಾಸಿಯನ್ನು ಬಲ್ಲವರು ಇವತ್ತಿಗೂ ಹೊಗಳುತ್ತಾರೆ. 1980ರ ನವೆಂಬರ್ 23ರ ಭೂಕಂಪದಲ್ಲಿ ಅವರ ಕಟ್ಟಡಗಳು ಜಖಂಗೊಂಡವು. ಮತ್ತೆ ಕಟ್ಟಿಕೊಂಡರು, ಮುಂದೆ ತಮ್ಮ ತೌರಾಸಿಗೆ 'ರಾದೀಚಿ' ಎಂದು ಹೆಸರಿಟ್ಟರು. ಅಂದರೆ ಬೇರುಗಳು. 1993ರಲ್ಲಿ ತೌರಾಸಿಗೆ ಇಟಲಿಯ ಅತ್ಯುನ್ನತ ವೈನ್ ದರ್ಜೆ ದೊರೆಯಿತು.

ಹಾಗಂತ ಬೇರೆ ತಳಿ ನೆಟ್ಟವರು ದಡ್ಡರು ಎಂದು ನಾನು ಹೇಳಲಾರೆ. ನಾಲ್ಕು ವರ್ಷದ ನಂತರ ಬರುವ ದುಡ್ಡಿನಿಂದ ಈ ತಿಂಗಳ ದಿನಸಿ ತರಲಾಗುತ್ತದೆಯೇ? ಕಾಯಬೇಕಾದರೆ ಬೇಗ ಮಾರಾಟವಾಗುವ ಇನ್ನೊಂದು ಸರಕಾದರೂ ಇರಬೇಕು, ಇಲ್ಲವೇ ಕಾಯಲು ತಯಾರಿರುವ ಸಾಲವಾದರೂ ಇರಬೇಕು.

ನನ್ನ ತಕರಾರು ಇಲ್ಲಿಯೇ. ನಮ್ಮ ತೆಂಗು, ಅಡಿಕೆ ತೋಟಗಳ ಸಾಲದಲ್ಲಿ ಫಸಲು ಬರುವವರೆಗೆ ಕಂತಿಗೆ ಬಿಡುವು ಕೊಡುತ್ತೇವೆ. ಮರ ಬೆಳೆಯಲು ಕಾಯುವ ಬ್ಯಾಂಕು, ಸರಕು ಮಾಗಲು ಯಾಕೆ ಕಾಯಬಾರದು? ಮಾರಾಟವಾಗದೆ ಕೊಳೆಯುವ ಸ್ಟಾಕ್ ಬೇರೆ, ಇಟ್ಟಷ್ಟೂ ಬೆಲೆ ಏರುವ ಸ್ಟಾಕ್ ಬೇರೆ. ಎರಡಕ್ಕೂ ಒಂದೇ ಹನ್ನೆರಡು ತಿಂಗಳ ಗೆರೆ ಎಳೆದರೆ ನಿಧಾನವಾಗಿ ಮಾಗುವುದೆಲ್ಲ ಒಂದೊಂದಾಗಿ ಮಾಯವಾಗುತ್ತದೆ. ಮುಳುಗಿದ ಸಾಲವನ್ನು ರೈಟ್ ಆಫ್ ಮಾಡಬಹುದು. ಕಿತ್ತು ಕಳೆದುಕೊಂಡ ತಳಿಯನ್ನು ಯಾವ ಬ್ಯಾಂಕೂ ಮರಳಿ ತರಲಾರದು.

ನೀವೇನಂತೀರಿ?