ಮೊದಲು ಕಳೆಯಿರಿ, ಆಮೇಲೆ ಕೂಡಿಸಿರಿ

ಹೆಣ್ಣುಮಕ್ಕಳಿಗೆ ದಿನಚರಿ ಹೇಳಿಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ನಸುಕಿನಲ್ಲಿ ಐದಕ್ಕೆ ಏಳಿರಿ, ಅರ್ಧ ಗಂಟೆ ನಡೆಯಿರಿ, ಯೋಗ ಮಾಡಿರಿ, ಮಕ್ಕಳೊಡನೆ ಕುಳಿತು ಮಾತಾಡಿರಿ, ನೌಕರಿಯಲ್ಲಿ ಹೆಸರು ಗಳಿಸಿರಿ, ಗಂಡ ಮನೆಗೆ ಬರುವ ಹೊತ್ತಿಗೆ ನಗುಮುಖದಿಂದಿರಿ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಇಂಥ ಪಟ್ಟಿ ಬರೆಯುವವರಿಗೆ ಕೂಡಿಸುವ ಲೆಕ್ಕ ಮಾತ್ರ ಬರುತ್ತದೆ, ಕಳೆಯುವ ಲೆಕ್ಕ ಬರುವುದಿಲ್ಲ. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ನೀರು ಸುರಿದರೆ ಏನೋ ಒಂದು ಚೆಲ್ಲಲೇಬೇಕು. ನಮ್ಮ ಮನೆಗಳಲ್ಲಿ ಚೆಲ್ಲುವುದು ಹೆಂಗಸಿನ ನಿದ್ದೆ.

ಕೆಂಭಾವಿಯಂಥ ಊರಿನ ಒಂದು ಮುಂಜಾನೆಯನ್ನು ನೋಡಿರಿ. ನಳ ಬರುವ ಹೊತ್ತು ಕಾಯಬೇಕು, ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಪಲ್ಯ ಮಾಡಬೇಕು, ಡಬ್ಬಿ ಕಟ್ಟಬೇಕು, ಮುಸುರೆ ತಿಕ್ಕಬೇಕು. ಆಮೇಲೆ ಒಬ್ಬಳು ಸುರಪುರದ ಬಸ್ಸು ಹಿಡಿಯುತ್ತಾಳೆ, ಇನ್ನೊಬ್ಬಳು ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಾಳೆ. ಗಂಡಸು ಹೊರಗೆ ದುಡಿಯುತ್ತಾನೆ, ಆದ್ದರಿಂದ ಒಳಗಿನದು ಹೆಂಗಸಿನ ಪಾಲು ಎಂಬ ವಾದ ಇಲ್ಲಿಯೇ ಮುರಿದು ಬೀಳುತ್ತದೆ. ನಮ್ಮ ಸೀಮೆಯಲ್ಲಿ ಹೆಂಗಸು ಹೊರಗೆ ದುಡಿಯದೆ ಇದ್ದ ಕಾಲ ಯಾವುದು?

ಇದು ಬರೀ ಬಾಯಿಮಾತಲ್ಲ. ಜನರ ದಿನದ ವೇಳೆ ಹೇಗೆ ಕಳೆಯುತ್ತದೆಂದು ಕೇಂದ್ರ ಸರಕಾರ 2019ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಚ್ಚಿದ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಂದಿ ಮಾತ್ರ ಇದ್ದರು. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸರ ಪಾಲು 289 ನಿಮಿಷಕ್ಕೆ ಇಳಿದಿತ್ತು. ಗಂಡಸರು ಹೆಚ್ಚು ಮಾಡಿದ್ದರಿಂದ ಇಳಿಯಿತೇ? ಇಲ್ಲ. ಅವರದೂ 88ಕ್ಕೆ ಇಳಿದಿತ್ತು! ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾಗುವ ಕೈ ಒಬ್ಬಳದು, ಮೊಸರಾಗುವ ಬಾಯಿ ಮನೆಮಂದಿಯದೆಲ್ಲ.

ವೇಳಾಪಟ್ಟಿ ಬದಲಿಸಲು ಆಗುವುದಿಲ್ಲ ಎಂದು ಯಾರೂ ಹೇಳಬಾರದು. ನಮ್ಮ ಕಲಬುರಗಿ ವಿಭಾಗದ ಬಿಸಿಲಿಗೆ ಸರಕಾರವೇ ಮಣಿಯುತ್ತದೆ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳ ವೇಳೆ ಮುಂಜಾನೆ 8ರಿಂದ ಮಧ್ಯಾಹ್ನ 1.30ರವರೆಗೆ ಆಯಿತು. ಒಲೆಯ ಮುಂದಿನ ಬಿಸಿಲಿಗೆ ಮಾತ್ರ ಯಾವ ಆದೇಶವೂ ಹೊರಡಲಿಲ್ಲ. ಕಚೇರಿ ಎಂಟಕ್ಕೆ ತೆರೆದರೆ ಅವಳು ಇನ್ನಷ್ಟು ಬೇಗ ಏಳಬೇಕಾಯಿತು, ಅಷ್ಟೆ.

ಗ್ಯಾಸು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ ಬಂದಿವೆಯಲ್ಲ ಎನ್ನುವವರಿದ್ದಾರೆ. ಯಂತ್ರ ತಾನಾಗಿ ಬಟ್ಟೆ ಒಣಹಾಕುವುದಿಲ್ಲ, ಮಡಚುವುದಿಲ್ಲ. ಕೆಲಸದವಳನ್ನು ಇಟ್ಟುಕೊಳ್ಳಿರಿ ಎನ್ನುವವರೂ ಇದ್ದಾರೆ. ಇಟ್ಟುಕೊಳ್ಳೋಣ, ತಕ್ಕ ಪಗಾರ ಕೊಡೋಣ. ಆದರೆ ನಮ್ಮ ಭಾರ ಅವಳ ತಲೆಗೆ ಹೋಯಿತೇ ಹೊರತು ಗಂಡಸಿನ ತಲೆಗೆ ಹೋಗಲಿಲ್ಲ. ಅವಳಿಗೂ ಒಂದು ಮನೆಯಿದೆ, ಅಲ್ಲಿಯೂ ಮುಸುರೆ ಕಾದಿದೆ.

ಇದರ ಬೆಲೆಯನ್ನು ದೇಹ ತೆರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8ರಷ್ಟು ಮಂದಿಗೆ ರಕ್ತಹೀನತೆ. ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಉಳಿಯದಿದ್ದರೆ ಚಹಾ ಕುಡಿದು ಮಲಗುವವಳಿಗೆ ಪ್ರಾಣಾಯಾಮ ಹೇಳಿಕೊಟ್ಟರೆ ರಕ್ತ ಬರುತ್ತದೆಯೇ? ಮಕ್ಕಳೂ ಇದನ್ನೇ ಕಲಿಯುತ್ತಾರೆ. ಹಾಜರಿ ಕರೆಯುವಾಗ ನಾನು ನೋಡುತ್ತ ಬಂದದ್ದು ಇಷ್ಟು: ನೀರು ತುಂಬಿ, ತಮ್ಮನನ್ನು ಎತ್ತಿ ಆಡಿಸಿ ತಡವಾಗಿ ಬರುವವಳು ಹುಡುಗಿ. ಆ ಕಾರಣಕ್ಕೆ ತಡವಾದ ಹುಡುಗರು ಅಪರೂಪ.

ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಹೋದ 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು, ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಅಕ್ಕಿಗೆ ಸಲ್ಲುವ ಮಾತು ಕೆಲಸಕ್ಕೂ ಸಲ್ಲುತ್ತದೆ. ನಮ್ಮ ಪಾಲಿಗಿಂತ ಹೆಚ್ಚಿನದನ್ನು ಹಿಂದಕ್ಕೆ ಕಳಿಸುವ ಧೈರ್ಯ ನಮಗೂ ಬರಬೇಕು.

ಆದ್ದರಿಂದ ಅಕ್ಕತಂಗಿಯರೇ, ನಿಮ್ಮ ದಿನಚರಿಯನ್ನು ಬರೆಯಬೇಡಿರಿ, ಮನೆಯ ದಿನಚರಿಯನ್ನು ಬರೆಯಿರಿ. ಮನೆಯ ಕೆಲಸಗಳನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸಿ, ಪ್ರತಿಯೊಂದರ ಮುಂದೆ ಮಾಡುವವರ ಹೆಸರು ಹಚ್ಚಿರಿ. ನೀರು ತುಂಬುವುದು ಸರತಿಯ ಮೇಲೆ ಆಗಲಿ. ಹಾಸಿಗೆ ಮಡಚುವುದು, ಕಸ ಹೊಡೆಯುವುದು ಮಕ್ಕಳಿಗೆ ಸೇರಲಿ, ಗಂಡುಮಕ್ಕಳಿಗೂ. ರಾತ್ರಿಯ ಊಟ ಎಲ್ಲರೂ ಕೂಡಿಯೇ ಆಗಲಿ, ಬಡಿಸುವವಳು ಕೊನೆಗೆ ಉಣ್ಣುವ ರೂಢಿ ನಿಲ್ಲಲಿ. ಏಳು ತಾಸಿನ ನಿದ್ದೆಯನ್ನು ಮೊದಲು ಬರೆದು, ಉಳಿದದ್ದನ್ನು ಆಮೇಲೆ ಹೊಂದಿಸಿರಿ. ಇಷ್ಟೆಲ್ಲ ಆದ ಮೇಲೆ ನಡಿಗೆಯೂ ಇರಲಿ, ಯೋಗವೂ ಇರಲಿ, ಓದಲು ಒಂದು ಪುಸ್ತಕವೂ ಇರಲಿ.

ಅತ್ತೆಯವರು ಮುಖ ಗಂಟು ಹಾಕಿಕೊಂಡಾರು, ಓಣಿಯ ಮಂದಿ ಆಡಿಕೊಂಡಾರು. ನಾಲ್ಕು ದಿನ ಆಡಿಕೊಳ್ಳಲಿ. ಒಮ್ಮೆಲೇ ಎಲ್ಲವೂ ಬದಲಾಗದು, ಚಿಕ್ಕದರಿಂದಲೇ ಪ್ರಾರಂಭಿಸಿರಿ. ಇಂದು ರಾತ್ರಿ ಉಂಡ ಮೇಲೆ ಮಗನ ತಾಟನ್ನು ನೀವು ಎತ್ತಬೇಡಿರಿ.